ಗಾರೆಯ ದೇವರ ಹೆಂಡತಿ

ನನಗೆ ಗಂಟು ಹಾಕಿದ ಗಂಡ ಗಾರೆಯವನು. ಬಿದಿರಿನ ಹಂದರಕ್ಕೆ ಗೋಣಿತಟ್ಟು ಸುತ್ತಿ, ಮೇಲೆ ಗಾರೆ ಮೆತ್ತಿ, ಬಣ್ಣ ಬಳಿದು ಮಾಡಿದ ಮೂರ್ತಿ. ಮುಂದಿನಿಂದ ನೋಡಿದರೆ ಮೀಸೆ, ಕತ್ತಿ, ಬಿಳಿ ಕುದುರೆ. ಹಿಂದಿನಿಂದ ನೋಡಿದರೆ ಟೊಳ್ಳು. ಆ ಟೊಳ್ಳಿನಲ್ಲಿ ಬೆಕ್ಕು ಮರಿ ಹಾಕಿತ್ತು. ಕ್ಯಾಮೆರಾ ತಿರುಗುವಾಗ ಮರಿಗಳು ಕೂಗಬಾರದೆಂದು ಒಬ್ಬ ಆಳು ಹಾಲಿನ ತಟ್ಟೆ ಹಿಡಿದು ದೇವರ ಬೆನ್ನ ಹಿಂದೆ ಕೂತಿರುತ್ತಿದ್ದ. ನಾನು ಈ ದೇವರ ಹೆಂಡತಿಯಾದೆ ಎಂದು ನಮ್ಮ ಓಣಿಯ ಹಿರಿಯರು ತೀರ್ಪು ಕೊಟ್ಟರು. ಹೇಳುವಾಗ ಒಬ್ಬರೂ ನಗಲಿಲ್ಲ.

ನಾವು ಪುಣೆಯ ಮಂಗಳವಾರ ಪೇಟೆಯ ಕೊನೆಗೆ, ಹಳ್ಳದ ದಂಡೆಯಲ್ಲಿ ಇರುವವರು. ಅಜ್ಜನ ಕಾಲಕ್ಕೆ ಬೆಳಗಾವಿ ಕಡೆಯಿಂದ ಬಂದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಊರವರು ನಮ್ಮನ್ನು ಮುಟ್ಟುವುದಿಲ್ಲ. ನಮ್ಮ ಹಾಡು ಮಾತ್ರ ಅವರಿಗೆ ಬೇಕು.

ನನ್ನ ಅವ್ವ ಸಾವಂತ್ರವ್ವ ಮುರಳಿ. ನಮ್ಮ ಸೀಮೆಯಲ್ಲಿ ಮೈಲಾರ ಎನ್ನುವ ದೇವರನ್ನು ಇಲ್ಲಿ ಖಂಡೋಬಾ ಎನ್ನುತ್ತಾರೆ. ಮನೆಯಲ್ಲಿ ಯಾರಿಗಾದರೂ ಬೇನೆ ಬಂದರೆ ಹಿರಿಯರು ಅವನಿಗೆ ಹರಕೆ ಹೊರುತ್ತಾರೆ. ವಾಸಿಯಾದವನು ಯಾವನೋ ಗಂಡಸು. ಹರಕೆ ತೀರಿಸುವವಳು ಹುಡುಗಿ. ಅವಳ ಹಣೆಗೆ ಭಂಡಾರ, ಎಂದರೆ ದೇವರ ಅರಿಶಿನ, ಬಡಿದು ಕೊರಳಿಗೆ ಕವಡೆ ಸರ ಕಟ್ಟಿದರೆ ದೇವರೊಂದಿಗೆ ಲಗ್ನ ಮುಗಿಯಿತು. ಅವಳೇ ಮುರಳಿ. ಮತ್ತೊಬ್ಬ ಗಂಡನನ್ನು ಮಾಡಿಕೊಳ್ಳುವಂತಿಲ್ಲ. ದೊಡ್ಡವರ ಅಂಗಳದಲ್ಲಿ ಗಂಟೆ ಅಲ್ಲಾಡಿಸಿ ದೇವರ ಕತೆ ಹಾಡಬೇಕು, ಕುಣಿಯಬೇಕು. ಹಾಡು ನಡೆದಿರುವಷ್ಟು ಹೊತ್ತು ಅಂಗಳದವರು ಅವಳನ್ನು ದೇವರ ಹೆಂಡತಿ ಎಂದು ನೋಡುತ್ತಾರೆ. ಹಾಡು ಮುಗಿದ ಮೇಲೆ ಯಾರ ಹೆಂಡತಿಯೂ ಅಲ್ಲದವಳು ಎಂದು ನೋಡುತ್ತಾರೆ.

ನಾನು ಹುಟ್ಟಿದ್ದು ಹಾಗೆ. ಮೂರನೆಯ ಇಯತ್ತೆಯಲ್ಲಿ ಮಾಸ್ತರರು ಎಲ್ಲರೆದುರು ಅಪ್ಪನ ಹೆಸರು ಕೇಳಿದರು. ಹಿಂದಿನ ಸಾಲಿನಿಂದ ಯಾರೋ "ಯೇಳಕೋಟ ಯೇಳಕೋಟ" ಎಂದು ಖಂಡೋಬಾನ ಜಯಕಾರ ಹಾಕಿದರು. ಮಾಸ್ತರರೂ ನಕ್ಕರು. ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಮಾತೂ ಕಡಿಮೆಯಾಯಿತು. ನೋಡುವುದು ಮಾತ್ರ ಕಡಿಮೆಯಾಗಲಿಲ್ಲ.

ಅವ್ವ ಒಂದು ಹಟ ಹಿಡಿದಿದ್ದಳು. "ಇದು ನನ್ನ ಕೂಡ ಮುಗೀಲಿ. ಪಾರಿ ಒಬ್ಬನ್ನ ಮಾಡ್ಕೊಂಡು ಬಾಳ್ವೆ ಮಾಡ್ಲಿ." ಖಡಕಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಹಾಲಿಂಗನ ಜೊತೆ ನನ್ನ ಲಗ್ನ ಗೊತ್ತು ಮಾಡಿದ್ದಳು. ಅವನ ತಾಯಿ ರುದ್ರವ್ವ ಬಂದು ನನ್ನ ಹಲ್ಲು, ಕೂದಲು, ಅಂಗಾಲು ನೋಡಿ ಒಪ್ಪಿಕೊಂಡು ಹೋಗಿದ್ದಳು.

ಅವ್ವನ ತಮ್ಮ ಸಂಕಪ್ಪನಿಗೆ ಇದು ಸೇರಿರಲಿಲ್ಲ. ಅವನು ವಾಘ್ಯಾ. ಮುರಳಿಯ ಹಿಂದೆ ನಿಂತು ತಂತಿ ಮೀಟಿ ದನಿ ಸೇರಿಸುವವನು. ಅವ್ವನ ಗಂಟಲು ಬಿದ್ದುಹೋದ ಮೇಲೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಮುರಳಿ ಇಲ್ಲದ ವಾಘ್ಯಾ ಯಾರಿಗೆ ಬೇಕು? ಅವನು ನನ್ನ ಕೊರಳನ್ನು ನೋಡುತ್ತಿದ್ದ ರೀತಿ ನನಗೆ ಗೊತ್ತಿತ್ತು. ಕಟುಕ ಕುರಿಯ ಕೊರಳನ್ನು ಅಷ್ಟು ಹೊತ್ತು ನೋಡುವುದಿಲ್ಲ.

ಅವ್ವ ಮತ್ತು ನಾನು ನದಿಯ ಆಚೆಯ ಬೋಲಪಟದ ಕಂಪನಿಯಲ್ಲಿ ದುಡಿಯುತ್ತಿದ್ದೆವು. ಮಾತಾಡುವ ಸಿನಿಮಾ ತೆಗೆಯುವ ಕಂಪನಿ ಅದು. ಅವ್ವ ನೆಲ ಸಾರಿಸಿ, ಬಟ್ಟೆ ಒಗೆಯುತ್ತಿದ್ದಳು. ನಾನು ಬೇಗಡೆ ಹಲಗೆ ಹಿಡಿಯುತ್ತಿದ್ದೆ. ಆಳೆತ್ತರದ ಹಲಗೆಗೆ ಬೇಗಡೆ ಅಂಟಿಸಿರುತ್ತಾರೆ. ಅದನ್ನು ಬಿಸಿಲಿಗೆ ಒಡ್ಡಿ ಬೆಳಕನ್ನು ನಟಿಯ ಮುಖಕ್ಕೆ ತಿರುಗಿಸಿ ನಿಲ್ಲಬೇಕು. ನನ್ನ ಕೈ ನಡುಗಿದರೆ ಅವಳ ಮುಖದ ಮೇಲೆ ಬೆಳಕು ನಡುಗುತ್ತದೆ. ಆಗ ಬೈಗುಳ. ಬೆವರು ಕಣ್ಣಿಗಿಳಿದರೆ ಒರೆಸುವಂತಿಲ್ಲ. ಬಾಯಾರಿದರೆ ನಮ್ಮ ತಂಬಿಗೆ ಬೇರೆ, ಕಕ್ಕಸಿನ ಗೋಡೆಯ ಹತ್ತಿರ. ಸಂಜೆ ಮನೆಗೆ ಬಂದು ಕಣ್ಣು ಮುಚ್ಚಿದರೂ ಒಳಗೆ ಬೆಳ್ಳಗೆ ಉರಿಯುತ್ತಿತ್ತು. ರೊಟ್ಟಿ ಮುರಿಯಲು ತೋಳು ಏಳುತ್ತಿರಲಿಲ್ಲ. ನಟಿ ಭಾಮಾಬಾಯಿಯ ಮುಖದಲ್ಲಿ ದೈವಿಕ ತೇಜಸ್ಸು ಇದೆ ಎಂದು ಪತ್ರಿಕೆಯವರು ಬರೆದರಂತೆ. ಆ ತೇಜಸ್ಸು ನನ್ನ ರಟ್ಟೆಯದು.

ಭಾಮಾಬಾಯಿ ಧಾರವಾಡದ ಕಡೆಯ ಒಳ್ಳೆಯ ಮನೆತನದವಳು. ಪುಣೆಯಲ್ಲಿ ಕಾಲೇಜು ಕಲಿತವಳು. ಕಲಿತ ಹೆಂಗಸು ಸಿನಿಮಾಕ್ಕೆ ಬಂದಳೆಂದು ಊರೆಲ್ಲ ಹೊಗಳುತ್ತಿತ್ತು. ನಮ್ಮ ಹೆಂಗಸರು ಹುಟ್ಟಿದಾಗಿನಿಂದ ಕುಣಿಯುತ್ತಿದ್ದಾರೆ. ಅದನ್ನು ಯಾರೂ ಧೈರ್ಯ ಎಂದು ಕರೆದಿಲ್ಲ.

ಚಿತ್ರ ತೆಗೆಯುತ್ತಿದ್ದವರು ಮಧುಕರರಾವ್. ಖಾದಿ ತೊಡುವವರು. "ಇದು ಸುಧಾರಣೆಯ ಚಿತ್ರ. ಹುಡುಗಿಯರನ್ನು ದೇವರಿಗೆ ಮುರಳಿ ಬಿಡುವ ದುಷ್ಟ ರೂಢಿ ತೊಲಗಬೇಕು" ಎಂದು ದಿನಾ ಮರಾಠಿಯಲ್ಲಿ ಭಾಷಣ ಮಾಡುತ್ತಿದ್ದರು. ಕತೆ ಹೀಗೆ. ದೊಡ್ಡ ಮನೆಯ ಕೂಸೊಂದು ಕಳೆದುಹೋಗಿ ನಮ್ಮಂಥವರ ಕೈ ಸೇರುತ್ತದೆ. ದೊಡ್ಡದಾದ ಮೇಲೆ ಅದನ್ನು ಮುರಳಿ ಮಾಡುತ್ತಾರೆ. ಆದರೆ ಅವಳು ನಿಜಕ್ಕೂ ಖಂಡೋಬಾನ ಪಟ್ಟದ ಹೆಂಡತಿ ಮ್ಹಾಳಸೆಯ ಅವತಾರ. ಕೊನೆಗೆ ದೇವರೇ ಕುದುರೆ ಏರಿ ಬಂದು ಅವಳನ್ನು ಕರೆದುಕೊಂಡು ಹೋಗುತ್ತಾನೆ. ದೊಡ್ಡ ಮನೆಯ ರಕ್ತ ಎಂದು ತಿಳಿದ ಕೂಡಲೇ ದೇವರಿಗೆ ಕರುಣೆ ಹುಟ್ಟುತ್ತದೆ. ಮಿಕ್ಕ ಮುರಳಿಯರು ಹಿಂದೆ ನಿಂತು ಆರತಿ ಹಾಡುತ್ತಾರೆ. ಅವರ ಗತಿ ಏನಾಯಿತು ಎಂದು ಯಾರೂ ಕೇಳುವುದಿಲ್ಲ.

ಪುರಾಣವೂ ಹಾಗೆಯೇ ಇದೆ. ಮ್ಹಾಳಸೆ ಸಿರಿವಂತರ ಮಗಳು, ದೇವರ ಪಕ್ಕದಲ್ಲಿ ಕೂರುತ್ತಾಳೆ. ಎರಡನೆಯ ಹೆಂಡತಿ ಬಾಣಾಯಿ ಕುರುಬರ ಹುಡುಗಿ. ಜೇಜುರಿಯಲ್ಲಿ ಅವಳ ಗುಡಿ ಗುಡ್ಡದ ಅರ್ಧಕ್ಕೇ ಇದೆ. ಅದರ ಕೆಳಗೆ ನಮ್ಮ ಹುಡುಗಿಯರು. ಅವರಿಗೆ ಕತೆಯಲ್ಲಿ ಹೆಸರೂ ಇಲ್ಲ. ಕತೆಯನ್ನು ಹಾಡಲು ಮಾತ್ರ ಅವರು ಬೇಕು. ದೀಪ ಹೋಗಿ ವಿದ್ಯುತ್ತು ಬಂತು, ಗಂಟೆ ಹೋಗಿ ಮೈಕು ಬಂತು. ಯಾರು ಎಲ್ಲಿ ಕೂರಬೇಕು ಎಂಬುದು ಒಂದು ಗೇಣೂ ಸರಿಯಲಿಲ್ಲ.

ಮುರಳಿ ಬಿಡುವ ದೃಶ್ಯಕ್ಕೆ ಅಸಲಿ ವಾಘ್ಯಾ ಬೇಕು ಎಂದು ಮಧುಕರರಾವ್ ಸಂಕಪ್ಪಮಾವನನ್ನು ಕರೆಸಿದರು. ಅಂಗಳದಲ್ಲಿ ಜೇಜುರಿಯ ನಮೂನೆಯಲ್ಲಿ ಕಲ್ಲುಚಪ್ಪಡಿ ಜೋಡಿಸಿ ಮೆಟ್ಟಿಲು ಮಾಡಿದ್ದರು. ಮೇಲೆ ಗಾರೆಯ ದೇವರು.

"ಅರಿಶಿನ ಯಾಕ ಹಾಳು ಮಾಡತೀರಿ? ಫಿಲ್ಮಿನಾಗ ಬಣ್ಣ ಎಲ್ಲಿ ಕಾಣಸ್ತದ? ಹಿಟ್ಟು ತೂರ್ರಿ" ಎಂದರು ಮಧುಕರರಾವ್.

ಮಾವ ಕೈ ಮುಗಿದ. "ಮಂದಿ ಹಿಟ್ಟು ತೂರಲಿ ಸಾಹೇಬ್ರ. ಹಣಿಗೆ ಹಚ್ಚೂದು ಮಾತ್ರ ನನ್ನ ಚೀಲದ ಭಂಡಾರ. ಖೋಟಾ ಹಚ್ಚಿದ್ರ ನನ್ನ ಕೈ ಬಿದ್ದು ಹೋಗ್ತಾವ."

"ವ್ಹಾ! ಅಸಲಿ!" ಮಧುಕರರಾವ್ ಹಿಗ್ಗಿದರು.

ಮುಂಜಾನೆ ಭಾಮಾಬಾಯಿಯ ಮುಖದ ಚಿತ್ರ ತೆಗೆದರು. ಮೇಲೆ ಬಿಳಿ ಬಟ್ಟೆಯ ನೆರಳು. ಪಕ್ಕದಲ್ಲಿ ಬೀಸಣಿಗೆಯವನು. ಮಾವ ಅವಳ ಹಣೆಗೆ ಭಂಡಾರ ಹಚ್ಚಿ ಕೊರಳಿಗೆ ಕವಡೆ ಸರ ಕಟ್ಟಿದ. ಕೈ ನಡುಗುತ್ತಿತ್ತು, ಎಲ್ಲಿ ಬೆರಳು ಹೆಚ್ಚು ತಾಗುತ್ತದೋ ಎಂದು. "ಯಾರವಳು ನೀನು?" ಎಂದು ಕೇಳಿದ. ಅವಳು ಮೈಕಿನೆದುರು ಇಂಪಾಗಿ, "ನಾನು ಖಂಡೋಬಾನವಳು" ಎಂದಳು. ಮತ್ತೆ ಮತ್ತೆ ಹೇಳಿಸಿ ತೆಗೆದರು. ಮುಗಿದ ಮೇಲೆ ಅಲಂಕಾರದವಳು ಸರ ಬಿಚ್ಚಿ ಬುಟ್ಟಿಗೆ ಎಸೆದಳು. ಹಲಗೆ ಹಿಡಿದು ನಿಂತು ನಾನು ಇಷ್ಟನ್ನೂ ನೋಡಿದೆ.

ಮಧ್ಯಾಹ್ನ ಮೆಟ್ಟಿಲು ಹತ್ತುವ ದೃಶ್ಯ. ವೈಶಾಖದ ಬಿಸಿಲು. ಭಾಮಾಬಾಯಿ ಚಪ್ಪಡಿಯ ಮೇಲೆ ಹೆಬ್ಬೆರಳಿಟ್ಟು ಹಿಂದೆ ಹಾರಿದಳು. "ಅಯ್ಯಯ್ಯ, ಸುಡತದ್ರಿ! ನನ್ನ ಕಡೆ ಆಗೂದಿಲ್ಲ."

ಮಧುಕರರಾವ್ ಸುತ್ತ ನೋಡಿದರು. "ಆ ಹಲಗಿ ಪೋರಿನ್ನ ಕರೀರಿ. ಎತ್ತರ ಸರಿ ಅದ. ಮುಖ ಬ್ಯಾಡ, ಬೆನ್ನು ಸಾಕು."

ನಾನು ತಲೆ ಅಲ್ಲಾಡಿಸಿದೆ. ಯಾರೂ ನೋಡಲಿಲ್ಲ. ಭಾಮಾಬಾಯಿಯ ಸೀರೆಯನ್ನು ನನಗೆ ಸುತ್ತಿದರು. ಅಲಂಕಾರದವಳು ಬೆರಳ ತುದಿಯಲ್ಲಿ ಸೆರಗು ಹಿಡಿದು, "ಇನ್ನ ಇದನ್ನ ಎರಡು ಸರ್ತಿ ತೊಳಸ್ಬೇಕು" ಎಂದಳು. ತೊಳೆಯುವವಳು ನನ್ನ ಅವ್ವನೇ. ಅದು ಅಲಂಕಾರದವಳ ತಲೆಗೆ ಹೊಳೆಯಲಿಲ್ಲ.

ಹತ್ತಿದೆ. ಇಳಿ ಎಂದರು, ಇಳಿದೆ. ಮತ್ತೆ ಹತ್ತು ಎಂದರು. ಅಂಗಾಲು ಬೊಬ್ಬೆ ಎದ್ದಿತು. ಬೊಬ್ಬೆ ಒಡೆದು ಕಲ್ಲಿಗೆ ಅಂಟಿತು. "ನಡಿಗಿ ಭಾಳ ಛಂದ ಬಂತು, ಭಕ್ತಿ ಕಾಣಸ್ತದ" ಎಂದರು ಮಧುಕರರಾವ್. ಮೇಲೆ ಮಾವ ಕಾಯುತ್ತಿದ್ದ. ಅದೇ ಚೀಲದ ಭಂಡಾರ ಹಚ್ಚಿದ. ಬುಟ್ಟಿಯಿಂದ ತೆಗೆದ ಅದೇ ಸರ ಕಟ್ಟಿದ. ಈಗ ಅವನ ಕೈ ನಡುಗಲಿಲ್ಲ. ಗಂಟಿನ ಮೇಲೆ ಗಂಟು ಹಾಕಿದ. ಕಿವಿಯಲ್ಲಿ ಏನೋ ಮಣಮಣ ಅಂದ. ನಾನು ಬಾಯಿ ಬಿಡಲಿಲ್ಲ. ಮಾತು ಕೊಟ್ಟವಳು ಭಾಮಾಬಾಯಿ. ಕೊರಳು ಕೊಟ್ಟವಳು ನಾನು.

ಸರ ಬಿಚ್ಚಲು ಕೈ ಎತ್ತಿದೆ. ಮಾವ ಮಣಿಕಟ್ಟು ಹಿಡಿದ. "ಬಿಚ್ಚಬ್ಯಾಡ. ಇನ್ನ ಅದು ನಿಂದು."

ಆ ಸಂಜೆ ನಮ್ಮ ಅಂಗಳದಲ್ಲಿ ಓಣಿಯ ಹಿರಿಯ ಈರಣ್ಣನ ಎದುರು ಮಾವ ಸುದ್ದಿ ಒಪ್ಪಿಸಿದ. ದೇವರು ತಾನಾಗಿಯೇ ಹುಡುಗಿಯನ್ನು ಕರೆದುಕೊಂಡ ಎಂದ. ಮಾತು ರುದ್ರವ್ವನಿಗೆ ಮುಟ್ಟಿತು. ಅವಳು ಸೆರಗು ಸಿಕ್ಕಿಸಿಕೊಂಡು ಬಂದಳು.

"ಹಲಗಿ ಹಿಡಿಯಾಕ ಹ್ವಾದಾಕಿ ದೇವರನ್ನ ಕಟಗೊಂಡು ಬಂದ್ಳು ನೋಡ್ರೆ! ನನ್ನ ಮಗ ಈಗ ಖಂಡೋಬಾನ ಕೂಡ ಜಗಳಾ ಆಡ್ಲೇನು? ಆಂವಗ ಕುದರಿ ಅದ, ಕತ್ತಿ ಅದ. ನನ್ನ ಮಗಗ ಒಂದು ಸೈಕಲ್ಲೂ ಇಲ್ಲ."

ಅಂಗಳ ನಕ್ಕಿತು. ನಾನು ಮೆಲ್ಲಗೆ ಹೇಳಿದೆ. "ಭಾಮಾಬಾಯಿಗೂ ಕಟ್ಯಾರ. ಇದ ಸರ. ಇದ ಭಂಡಾರ."

"ಅದು ನಾಟಕವ್ವಾ" ಎಂದ ಈರಣ್ಣ.

"ನಂದು?"

"ನೀ ಮುರಳಿ ಮಗಳಲ್ಲ?"

ಅಷ್ಟೇ. ನ್ಯಾಯ ಮುಗಿಯಿತು. ಒಂದೇ ದಾರ, ಒಂದೇ ದಿನ. ಅವಳ ಕೊರಳಲ್ಲಿ ನಾಟಕ, ನನ್ನ ಕೊರಳಲ್ಲಿ ಲಗ್ನ.

ನಾನು ಅವ್ವನ ಮುಖ ನೋಡಿದೆ. ಅವಳು ಗೋಡೆ ನೋಡಿದಳು. "ಕಟ್ಟಿದ್ದು ಬಿಚ್ಚಾಕ ಬರೂದಿಲ್ಲ ಪಾರಿ" ಎಂದಳು. ಅವಳಿಗೆ ನನ್ನ ಮೇಲೆ ಮರುಕವಿತ್ತು. ಅದಕ್ಕಿಂತ ಹೆಚ್ಚಾಗಿ ದೇವರ ಹೆದರಿಕೆ ಇತ್ತು. ಜೀವಮಾನವಿಡೀ ಅವಳಿಗೆ ಒಂದು ತುತ್ತು ಕೊಡದ ದೇವರು. ನನಗೆ ಅಳು ಬರಲಿಲ್ಲ. ಹೇಸಿಗೆ ಬಂತು.

ಮರುದಿನ ಕುಂಟುತ್ತ ಭಾಮಾಬಾಯಿಯ ಬಳಿ ಹೋದೆ. ಅವಳು ಕನ್ನಡಿಯ ಮುಂದೆ ಇದ್ದಳು. ಒಬ್ಬ ವಕೀಲರ ಜೊತೆ ಅವಳ ಲಗ್ನ ನಿಶ್ಚಯವಾಗಿತ್ತು. ಬೆರಳಲ್ಲಿ ಹೊಸ ಉಂಗುರ.

"ನಮ್ಮ ಓಣಿಗೆ ಬಂದು ಒಂದು ಮಾತು ಹೇಳ್ರಿ. ನಿಮಗೂ ಕಟ್ಟಿದ್ರು, ಅದರಿಂದ ಏನೂ ಆಗಲಿಲ್ಲ ಅಂತ."

ಅವಳು ನಕ್ಕಳು. "ಅಲ್ಲ ಪಾರಿ, ನಾ ಆ್ಯಕ್ಟಿಂಗ್ ಮಾಡೇನಿ. ನಿಮ್ಮ ಮಂದಿ ನಂಬಿಕಿನಾಗ ನಾ ಯಾಕ ಕೈ ಹಾಕಲಿ? ಅದು ನಿಮ್ಮ ಸಂಸ್ಕೃತಿ. ಭಾಳ ಹಳೇದು. ನಾವು ಅದಕ್ಕ ಮರ್ಯಾದಿ ಕೊಡಬೇಕು."

ನಮ್ಮ ತಂಬಿಗೆ ಮುಟ್ಟದವಳು ನಮ್ಮ ಸಂಸ್ಕೃತಿಗೆ ಮರ್ಯಾದೆ ಕೊಡುತ್ತಾಳಂತೆ.

ಮಧುಕರರಾವ್ ಬಳಿಗೂ ಹೋದೆ. ಕೇಳಿ ಅವರ ಕಣ್ಣು ಅರಳಿತು. ಸಿಟ್ಟಿನಿಂದಲ್ಲ. "ಅಂದ್ರ ನಮ್ಮ ಸೆಟ್ಟಿನ ಮ್ಯಾಲೆ ಖರೇನ ಮುರಳಿ ಬಿಟ್ಟಂಗಾತು!" ಎಂದರು. ಇಂಥ ಬಿಡುವಿಕೆಗೆ ಸರಕಾರ ಕಾಯದೆ ಮಾಡಿ ತಡೆ ಹಾಕಿದೆ ಎಂದು ಅವರೇ ಭಾಷಣದಲ್ಲಿ ಹೇಳಿದ್ದರು. ಆ ಕಾಯದೆ ಈಗ ನೆನಪಾಗಲಿಲ್ಲ. ಚಿತ್ರದ ಮೊದಲ ದಿನ ಥೇಟರಿನ ಬಾಗಿಲಲ್ಲಿ ನನ್ನನ್ನೂ ಮಾವನನ್ನೂ ಕೂರಿಸಬೇಕೆಂದು ಅಲ್ಲೇ ಗೊತ್ತು ಮಾಡಿದರು. ಮಾವ ಒಪ್ಪಿದ. ನನ್ನನ್ನು ಕೇಳಲಿಲ್ಲ.

ಆ ದಿನ ಮಧ್ಯಾಹ್ನದ ಆಟಕ್ಕೆ ಜನ ಮುಗಿಬಿದ್ದಿದ್ದರು. ಕೋಟು ತೊಟ್ಟ ಗುಮಾಸ್ತರು, ಪೇಟೆಯ ವ್ಯಾಪಾರಿಗಳು, ಓದಿದ ಹುಡುಗರು. ಎಲ್ಲರೂ ಬಾಗಿಲಲ್ಲಿ ಚೆಪ್ಪಲಿ ಬಿಟ್ಟರು. ಹೆಂಗಸರು ಕಾಯಿ, ಕರ್ಪೂರ ತಂದಿದ್ದರು. ಗೋಡೆಗೆ ಹಚ್ಚಿದ ಭಾಮಾಬಾಯಿಯ ಚಿತ್ರಕ್ಕೆ ಹೂವು ಏರಿಸಿದರು. ನಾನು ಮಣೆಯ ಮೇಲೆ, ಕೊರಳಲ್ಲಿ ಸರ, ಮುಂದೆ ಭಂಡಾರದ ತಟ್ಟೆ. ಮಾವ ಕೂಗುತ್ತಿದ್ದ. "ಅಸಲಿ ಮುರಳಿ ನೋಡ್ರಿ! ಸಿನಿಮಾದಾಗ ದೇವರು ಮೆಚ್ಚಿದ ಮುರಳಿ!"

ಒಬ್ಬ ಬಂದ. ಒಳ್ಳೆಯ ಪಗಡಿ, ಹಣೆಯಲ್ಲಿ ಗಂಧ. ಮೊದಲು ಗೋಡೆಯ ಚಿತ್ರಕ್ಕೆ ಕಣ್ಣು ಮುಚ್ಚಿ ನಮಸ್ಕಾರ ಮಾಡಿದ. ನನ್ನಿಂದ ಭಂಡಾರ ಹಚ್ಚಿಸಿಕೊಂಡ. ಆಮೇಲೆ ಬಗ್ಗಿ ಮಾವನ ಕಿವಿಯಲ್ಲಿ, "ಹಿಚಂ ಘರ ಕುಠಂ?" ಎಂದು ಕೇಳಿದ. ಇವಳ ಮನೆ ಎಲ್ಲಿ ಎಂದು. ಮಾವ ಹೇಳಿದ. ಗುರುತು ಸಹಿತ, ಹಳ್ಳದ ದಂಡೆ, ಬೇವಿನ ಗಿಡದ ಪಕ್ಕ ಎಂದು ಹೇಳಿದ.

ಅಂಜಿಕೆ ಎಲ್ಲಿ ಹೋಯಿತೋ ತಿಳಿಯದು.

ಅಷ್ಟರಲ್ಲಿ ಮೋಟಾರು ಬಂತು. ಭಾಮಾಬಾಯಿ ಇಳಿದಳು. ಜೊತೆಗೆ ವಕೀಲರು. ಜನ ಅವಳ ಕಾಲಿಗೆ ಬಿದ್ದರು. ಒಬ್ಬ ಮುದುಕಿ ಅವಳ ಸೆರಗು ಕಣ್ಣಿಗೊತ್ತಿಕೊಂಡು, "ಆಯಿ ಮ್ಹಾಳಸಾ" ಎಂದು ಅತ್ತಳು. ಭಾಮಾಬಾಯಿ ಬೇಡ ಎನ್ನಲಿಲ್ಲ. ಕೈ ಎತ್ತಿ ಹರಸಿದಳು.

ನಾನು ಎದ್ದೆ. ಅವಳ ಎದುರು ನಿಂತೆ.

"ನಿಲ್ಲರಿ ಅಕ್ಕಾವ್ರ."

"ಏನ, ಪಾರಿ?"

"ಮುಂಜಾನಿ ನಿಮಗ ಕಟ್ಟಿದ್ರು, ಮಧ್ಯಾಹ್ನ ನನಗ. ಸರ ಒಂದ, ಭಂಡಾರ ಒಂದ, ಕಟ್ಟಿದ ಕೈ ಒಂದ. ನಾನು ಖಂಡೋಬಾನವಳು ಅಂತ ಬಾಯಿ ಬಿಟ್ಟು ಹೇಳಿದಾಕಿ ನೀವು. ನಾ ದೇವರ ಹೇಣ್ತಿ ಆಗಿದ್ರ ನೀವು ಹಿರೇ ಹೇಣ್ತಿ. ಹಿರ್ಯಾಕಿ ನಿಂತಾಗ ಸಣ್ಣಾಕಿ ಮಣಿ ಮ್ಯಾಲೆ ಕುಂಡ್ರಬಾರದು. ಬರ್ರಿ, ಕುಂಡ್ರರಿ." ಸರ ತೆಗೆದು ಅವಳ ಮುಂದೆ ಹಿಡಿದೆ. ಗಂಟು ಬಿಚ್ಚಲಿಲ್ಲ, ತಲೆಯ ಮೇಲಿಂದ ಎಳೆದೆ. ಕಿವಿ ಹರಿಯಿತು. "ಮಂದಿ ಮನಿ ಕೇಳಾಕ ಹತ್ಯಾರ. ನಿಮ್ಮ ಮನಿ ಎಲ್ಲಿ ಅಂತ ಹೇಳ್ರಿ."

ಇದನ್ನೇ ಮರಾಠಿಯಲ್ಲಿ ಹೇಳಿದೆ. ಇಷ್ಟು ದೊಡ್ಡ ದನಿ ನನ್ನೊಳಗೆ ಇದೆಯೆಂದು ನನಗೇ ತಿಳಿದಿರಲಿಲ್ಲ. ಗದ್ದಲ ನಿಂತಿತು. ಪಗಡಿಯವನು ಕಂಬದ ಹಿಂದೆ ಸರಿದ. ವಕೀಲರು ಭಾಮಾಬಾಯಿಯ ಕಡೆ ತಿರುಗಿದರು.

"ಏನಿದು? ಏನು ಕಟ್ಟಿದ್ರು ನಿನಗ?"

ಭಾಮಾಬಾಯಿಯ ಮುಖ ಬಿಳಿಚಿತು. ಈ ಸಲ ನನ್ನ ಬೇಗಡೆಯಿಂದಲ್ಲ.

"ಖೋಟಾ ಅದು!" ಎಂದು ಕಿರುಚಿದಳು. "ಬರೇ ಸಿನಿಮಾ! ಗಾರಿ ದೇವರು ಅದು! ಒಳಗ ಟೊಳ್ಳು! ಹಿಂದ ಬೆಕ್ಕು ಮರಿ ಹಾಕಿತ್ತು! ಖೋಟಾ, ಖೋಟಾ, ಎಲ್ಲಾ ಖೋಟಾ!"

"ಹಾಂಗಾದ್ರ ನಂದೂ ಖೋಟಾ" ಎಂದೆ. ಸರವನ್ನು ಮೋಟಾರಿನ ಮೂತಿಯ ಮೇಲೆ ಇಟ್ಟು ನಡೆದೆ. ಹಿಂದೆ ಮಧುಕರರಾವ್ ಜನರನ್ನು ಒಳಗೆ ಅಟ್ಟುತ್ತಿದ್ದರು. ಜನ ಹೋದರು. ಗಾರೆ ಎಂದು ಕೇಳಿದ ಮೇಲೂ, ಬೆಕ್ಕು ಎಂದು ಕೇಳಿದ ಮೇಲೂ, ಪರದೆಯ ಮೇಲೆ ಆ ಕುದುರೆ ಬಂದಾಗ ಎದ್ದು ನಿಂತು ಕಾಯಿ ಒಡೆದರಂತೆ.

ಎರಡು ದಿನ ಓಣಿ ಗುಜುಗುಜು ಅಂದಿತು. ಆಮೇಲೆ ಈರಣ್ಣ ಬಂದ. "ಭಾಮಾಬಾಯಿನ ಹೇಳ್ಯಾರಂತಲ್ಲ, ಎಲ್ಲಾ ಖೋಟಾ ಅಂತ. ದೊಡ್ಡವರು ಹೇಳಿದ ಮ್ಯಾಲೆ ಮುಗೀತು. ಹುಡುಗಿಗೆ ದೋಷ ಇಲ್ಲ." ನಾನು ಹೇಳಿದಾಗ ಅದು ಮಾತಾಗಿರಲಿಲ್ಲ. ಅವಳು ಕಿರುಚಿದಾಗ ಶಾಸ್ತ್ರವಾಯಿತು.

ಅವನ ಹಿಂದೆಯೇ ರುದ್ರವ್ವ ಕುಪ್ಪಸದ ಕಣ ಹಿಡಿದು ಬಂದಳು. "ಆದದ್ದು ಆತು. ಮುಂದಿನ ವಾರ ಅರಿಶಿನ ಹಚ್ಚಿಬಿಡೂಣು. ಮಹಾಲಿಂಗಗೂ ಮನಸ್ಸದ."

"ಮನಸ್ಸಿದ್ದಾಂವ ಅವತ್ತ ಎಲ್ಲಿದ್ದ?"

"ಗಂಡಸ್ರು ಇಂಥಾದ್ರಾಗ ಬಾಯಿ ಹಾಕ್ತಾರೇನ?"

"ಗಾರಿ ಕುದರಿಗೆ ಅಂಜಿದಾಂವ ನನಗ ಬ್ಯಾಡ್ರಿ. ಕಣ ಒಯ್ಯರಿ."

ಅವಳು ಶಾಪ ಹಾಕುತ್ತ ಹೋದಳು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು. ಹೊರಗೆ ಕಟ್ಟೆಯ ಮೇಲೆ ಸಂಕಪ್ಪಮಾವ ಉಣ್ಣುತ್ತಿದ್ದ. ಏನೂ ಆಗಿಲ್ಲ ಎಂಬಂತೆ, ಕಾಲು ಚಾಚಿ, ಚಟ್ನಿ ಹಾಕು ಎಂದು ಕೂಗುತ್ತ.

"ಪಾರಿ" ಎಂದಳು ಅವ್ವ. ದನಿ ಸಣ್ಣ ಹುಡುಗಿಯ ದನಿಯಂತೆ ಇತ್ತು. "ನನಗ ಕಟ್ಟಿದಾಗ ದೇವರು ಕಲ್ಲಿನಾಂವ ಇದ್ದ. ಗಾರಿಯಾಂವ ಅಲ್ಲ. ಗುಡ್ಡ ಖರೇ ಗುಡ್ಡ ಇತ್ತು. ನಂದೂ ಖೋಟಾನ ಏನ?"

ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ.

"ಹೌದವ್ವಾ. ಖೋಟಾನ."

ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಕರಿಯಾಯಿತು. ಆಮೇಲೆ ಅವ್ವ ಎದ್ದು, ಹಿಟ್ಟಿನ ಕೈಯಲ್ಲೇ ಹೊರಗೆ ಹೋದಳು. ಮಾವನ ಮುಂದಿದ್ದ ತಾಟನ್ನು ಎತ್ತಿಕೊಂಡಳು.

"ಯಕ್ಕಾ? ಇನ್ನೂ ಉಣ್ಣಾಕ ಹತ್ತೇನಿ."

"ನೀ ಸಣ್ಣಾಂವ ಇದ್ದಾಗ ನಿನಗ ಜ್ವರ ಬಂದಿತ್ತು. ಅದಕ್ಕ ನನ್ನ ದೇವರಿಗೆ ಕಟ್ಟಿದ್ರು" ಎಂದಳು ಅವ್ವ. "ಜ್ವರ ಹೋಗಿ ಭಾಳ ವರ್ಷ ಆತು. ಏಳು."